ಲಕ್ಕುಂಡಿಯಿಂದ ಕಲಿಯುವುದು: ಊರಿನ ಇತಿಹಾಸ ಸಮಿತಿ ಮತ್ತು ಜೈನ ಮನೆಗಳ ಹೊಣೆ

ಗದಗದಿಂದ ಕೊಪ್ಪಳದ ಕಡೆ ಹೋಗುವ ರಸ್ತೆಯಲ್ಲಿ ಸುಮಾರು 12 ಕಿ.ಮೀ. ದೂರಕ್ಕೆ ಲಕ್ಕುಂಡಿ ಸಿಗುತ್ತದೆ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಇಂದು ಹಳ್ಳಿಯಾಗಿರುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ಇಲ್ಲಿ ಟಂಕಸಾಲೆ ಇತ್ತು. ಲೊಕ್ಕಿ ಗದ್ಯಾಣವೆಂಬ ನಾಣ್ಯಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಇಲ್ಲಿ ನೆಲೆ ಮಾಡಿಕೊಂಡಿದ್ದ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಇಂದಿಗೂ ಊರಿನವರ ಬಾಯಲ್ಲಿದೆ.

ಅತ್ತಿಮಬ್ಬೆ ಮತ್ತು ಬ್ರಹ್ಮ ಜಿನಾಲಯ

ಜೈನರಿಗೆ ಲಕ್ಕುಂಡಿ ಎಂದರೆ ದಾನಚಿಂತಾಮಣಿ ಅತ್ತಿಮಬ್ಬೆ. ದಂಡನಾಯಕ ನಾಗದೇವನ ಪತ್ನಿಯಾದ ಈಕೆ ಪತಿಯ ಮರಣದ ನಂತರ ವ್ರತನಿಷ್ಠೆಯಿಂದ ಬಾಳಿ, ತನ್ನ ಸಂಪತ್ತನ್ನು ಧರ್ಮಕ್ಕೆ ವಿನಿಯೋಗಿಸಿದಳು. ಇಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ಇವಳೇ. ಅಲ್ಲಿನ ಶಾಸನದ ಕಾಲ ಕ್ರಿ.ಶ. 1007. ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ಸುಂದರ ವಿಗ್ರಹಗಳಿವೆ. ರನ್ನ ಕವಿ 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟವಳೂ ಈಕೆಯೇ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂಬುದು ಎಲ್ಲರೂ ಕೇಳಿರುವ ಸಂಗತಿ. ಅದರ ಬೆಲೆ ತಿಳಿಯಬೇಕಾದರೆ ಇನ್ನೊಂದನ್ನೂ ನೆನಪಿಡಬೇಕು. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದಿನವರೆಗೆ ಸಿಕ್ಕಿಲ್ಲ. ಶಾಂತಿಪುರಾಣ ಉಳಿದು ನಮ್ಮ ಕೈಸೇರಿದೆ. ಓಲೆಗರಿಗೆ ಹುಳು, ನೀರು, ಬೆಂಕಿಯ ಭಯ ಯಾವಾಗಲೂ ಇದೆ. ಒಂದೇ ಪ್ರತಿ ಇದ್ದರೆ ಹೋದದ್ದು ಹೋದಂತೆಯೇ. ಹೆಚ್ಚು ಪ್ರತಿ ಮಾಡಿ ಹಲವು ಕಡೆ ಇಡುವುದೇ ರಕ್ಷಣೆ ಎಂಬುದನ್ನು ಸಾವಿರ ವರ್ಷದ ಹಿಂದೆಯೇ ಆಕೆ ತೋರಿಸಿಕೊಟ್ಟಳು.

ಊರಿನವರು ಕೈಜೋಡಿಸಿದಾಗ

2024ರ ನವೆಂಬರ್‌ನಲ್ಲಿ ಲಕ್ಕುಂಡಿಯಲ್ಲಿ ಪ್ರಾಚ್ಯಾವಶೇಷ ಸಂಗ್ರಹ ಅಭಿಯಾನ ನಡೆಯಿತು. ಮನೆ, ಹಿತ್ತಲು, ಹೊಲ, ಬೀದಿಗಳಲ್ಲಿ ಬಿದ್ದಿದ್ದ ಶಿಲ್ಪ, ಶಾಸನ, ಕಂಬದ ತುಂಡುಗಳು ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಸರ್ಕಾರ ಮುಂದೆ ನಿಂತಿದ್ದು ನಿಜ. ಆದರೆ ಯಾವ ಕಲ್ಲು ಯಾರ ಹಿತ್ತಲಲ್ಲಿದೆ ಎಂಬುದು ಗೊತ್ತಿರುವುದು ಊರಿನವರಿಗೆ ಮಾತ್ರ.

ಶ್ರವಣಬೆಳಗೊಳದ ಉದಾಹರಣೆಯೂ ಇದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಅದು 500 ಆಯಿತು. 1973ರ ಆವೃತ್ತಿಯಲ್ಲಿ 573. ಅಷ್ಟು ಪ್ರಸಿದ್ಧ ಕ್ಷೇತ್ರದಲ್ಲಿಯೇ ಮತ್ತೆ ಮತ್ತೆ ಹುಡುಕಿದಾಗ ಇಷ್ಟು ಸಿಕ್ಕಿದೆ. ಹೆಸರಿಲ್ಲದ ನಮ್ಮ ಹಳ್ಳಿಗಳಲ್ಲಿ ಇನ್ನೆಷ್ಟು ಉಳಿದಿರಬಹುದು?

ಸಮಿತಿ ಮಾಡಬಹುದಾದ ಕೆಲಸ

ಬಸದಿ ಇದ್ದು ಜೈನ ಮನೆಗಳು ಒಂದೆರಡೇ ಉಳಿದಿರುವ ಊರುಗಳು ರಾಜ್ಯದಲ್ಲಿ ಬಹಳ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಇಂಥ ಕಡೆ ಸಮಾಜದವರಷ್ಟೇ ಸೇರಿದರೆ ಸಾಲದು. ಶಾಲೆಯ ಮಾಸ್ತರರು, ಪಂಚಾಯಿತಿ ಸದಸ್ಯರು, ಎಲ್ಲ ಸಮಾಜದ ಹಿರಿಯರು ಇರುವ ಐದಾರು ಜನರ ಇತಿಹಾಸ ಸಮಿತಿ ಬೇಕು.

ನಿಷಿಧಿ ಕಲ್ಲು: ಸಲ್ಲೇಖನದಿಂದ ಸಮಾಧಿಮರಣ ಹೊಂದಿದವರ ನೆನಪಿಗೆ ನಿಲ್ಲಿಸಿದ್ದು. ಹಲವು ಕಲ್ಲುಗಳಲ್ಲಿ ಮೇಲೆ ಜಿನಬಿಂಬ, ಕೆಳಗೆ ಗುರುವಿನ ಎದುರು ಕುಳಿತ ಸಾಧಕರು, ನಡುವೆ ಗ್ರಂಥಪೀಠ ಕಾಣುತ್ತದೆ. ಗುರುತು ತಿಳಿಯದೆ ಇಂಥದ್ದನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿರುವುದೂ ಉಂಟು. ಇರುವ ಜಾಗ ಬರೆದುಕೊಂಡು, ಅಳತೆ ತೆಗೆದು, ಫೋಟೋ ಹಿಡಿಯಿರಿ.

ಶಾಸನ: ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ಉಜ್ಜಿ ತೊಳೆಯಬೇಡಿ. ಅಚ್ಚು ತೆಗೆಯುವುದನ್ನು ತಿಳಿದವರಿಗೆ ಬಿಡಿ. ಶಕ ವರ್ಷಕ್ಕೆ 78 ಕೂಡಿಸಿದರೆ ಸ್ಥೂಲವಾಗಿ ಕ್ರಿ.ಶ. ಸಿಗುತ್ತದೆ. ಶಕ 929 ಎಂದರೆ 1007.

ಓಲೆಗರಿ: ಪೂಜಾರರ ಮನೆಯಲ್ಲಿ, ಅಟ್ಟದ ಮೇಲೆ ಕಟ್ಟು ಕಟ್ಟಾಗಿ ಇರುತ್ತವೆ. ಶ್ರುತಪಂಚಮಿಯಂದು ಪೂಜೆ ಮಾಡಿ ಮತ್ತೆ ಅಟ್ಟಕ್ಕೇರಿಸಿದರೆ ಶಾಸ್ತ್ರ ಉಳಿಯುವುದಿಲ್ಲ. ಅಂದೇ ಬಿಚ್ಚಿ ನೋಡಿ, ಪಟ್ಟಿ ಮಾಡಿ, ಗರಿ ಗರಿಯೂ ಫೋಟೋ ಆಗಲಿ. ಆ ಪ್ರತಿ ಕನಿಷ್ಠ ಮೂರು ಕಡೆ ಇರಲಿ.

ಕಡತ ಮತ್ತು ಲೆಕ್ಕದ ಪುಸ್ತಕ: ವ್ಯಾಪಾರಿ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದದ್ದು ಕಡತ. ಅದರಲ್ಲಿ ಧಾರಣೆ, ಬಡ್ಡಿ, ಬಸದಿಗೆ ಕೊಟ್ಟ ಅಕ್ಕಿ ಎಣ್ಣೆಯ ಲೆಕ್ಕ, ಬರಗಾಲದ ಸಾಲ ಎಲ್ಲ ಇರುತ್ತದೆ. ರಾಜರ ಶಾಸನದಲ್ಲಿ ಸಿಗದ ಊರಿನ ಜೀವನ ಇಲ್ಲಿ ಸಿಗುತ್ತದೆ. ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಿ.

ಹಿರಿಯರ ಮಾತು: ಹೊಲದ ಹೆಸರು, ಕೆರೆಯ ಹೆಸರು, ಪಂಚಕಲ್ಯಾಣ ನಡೆದ ನೆನಪು, ಊರು ಬಿಟ್ಟ ಮನೆತನಗಳ ವಿಷಯ ಇವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಬಸದಿ ಹಾಳು, ಬಸ್ತಿ ತೋಟ ಎಂಬ ಹೆಸರೇ ಒಂದು ಸುಳಿವು.

ಕಾನೂನಿನಲ್ಲಿ ತಿಳಿದಿರಬೇಕಾದದ್ದು

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ವಿಗ್ರಹ, ನಾಣ್ಯ ಮತ್ತು ಐತಿಹಾಸಿಕ ಬೆಲೆಯುಳ್ಳ 75 ವರ್ಷ ದಾಟಿದ ಹಸ್ತಪ್ರತಿಗಳು ಪ್ರಾಚ್ಯವಸ್ತು ಎನಿಸುತ್ತವೆ. ಖಾಸಗಿಯವರು ಇವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಳೆಯ ವಿಗ್ರಹಗಳನ್ನು ನೋಂದಾಯಿಸಬೇಕು. ಕಳವಾದರೆ ನಮ್ಮದೆಂದು ಹೇಳಲು ನೋಂದಣಿ ಮತ್ತು ಫೋಟೋ ಇವೇ ಆಧಾರ. ಸಂರಕ್ಷಿತ ಬಸದಿಯಲ್ಲಿ ಇಲಾಖೆಯ ಅನುಮತಿ ಇಲ್ಲದೆ ಜೀರ್ಣೋದ್ಧಾರಕ್ಕೆ ಕೈಹಾಕಬಾರದು. ಸಂರಕ್ಷಿತವಲ್ಲದ ಬಸದಿಯಲ್ಲೂ ನೆಲಕ್ಕೆ ಗ್ರಾನೈಟ್ ಹಾಸುವ ಮೊದಲು ಹಳೆಯ ಕಲ್ಲುಗಳಲ್ಲಿ ಬರಹ ಇದೆಯೇ ನೋಡಬೇಕು.

ಹೊಸ ಬಸದಿಗೆ, ಮಾನಸ್ತಂಭಕ್ಕೆ ನಮ್ಮ ಸಮಾಜ ಧಾರಾಳವಾಗಿ ದಾನ ಕೊಡುತ್ತದೆ. ಅದರಲ್ಲಿ ಸ್ವಲ್ಪ ಭಾಗವನ್ನು ಪ್ರತಿ ಊರಿನ ಪಟ್ಟಿ ಮತ್ತು ಫೋಟೋ ಕೆಲಸಕ್ಕೆ ತೆಗೆದಿಟ್ಟರೆ ಅದು ಶಾಸ್ತ್ರದಾನವೇ ಆಗುತ್ತದೆ. ಬರುವ ಶ್ರುತಪಂಚಮಿಗೆ ನಿಮ್ಮ ಊರಿನ ಬಸದಿಯಿಂದ ಈ ಕೆಲಸ ಪ್ರಾರಂಭವಾಗಲಿ.

ಜೈ ಜಿನೇಂದ್ರ.