ಗೋವಿನ ಜೋಳ ಯಾರ ಹೊಟ್ಟೆಗೆ? ಪಶು ಆಹಾರದ ಮುಂದಿನ 20 ವರ್ಷಗಳ ಲೆಕ್ಕ

2024ರಲ್ಲಿ ಭಾರತ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಮೆಕ್ಕೆಜೋಳ ತರಿಸಿಕೊಂಡಿತು. ಅದಕ್ಕೂ ಮೊದಲು ನಾವು ಮಾರುವ ದೇಶವಾಗಿದ್ದೆವು. ಮರುವರ್ಷವೇ, 2025ರ ನವೆಂಬರ್‌ನಲ್ಲಿ, ಗದಗ, ಹಾವೇರಿ ಜಿಲ್ಲೆಗಳ ರೈತರು ಮೆಕ್ಕೆಜೋಳ ಖರೀದಿ ಕೇಂದ್ರ ತೆರೆಯಿರಿ ಅಂತ ಬೀದಿಗಿಳಿದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು 1,600ರಿಂದ 1,800.

ಒಂದು ವರ್ಷ ಸಾಲದು, ಇನ್ನೊಂದು ವರ್ಷ ಬೇಡ. ಇದನ್ನ ಬರೀ ಮಳೆಯ ಆಟ ಅಂತ ಬಿಟ್ಟುಬಿಡೋದು ಸುಲಭ. ಆದರೆ ಈ ಏರಿಳಿತದ ಹಿಂದೆ ಇನ್ನೊಂದು ಕಾರಣ ಇದೆ: ಒಂದೇ ಬೆಳೆಯನ್ನು ನಂಬಿರುವ ಎರಡು ದೊಡ್ಡ ಉದ್ಯಮಗಳಿಗೆ ನಮ್ಮಲ್ಲಿ ಒಂದೇ ಲೆಕ್ಕಪುಸ್ತಕ ಇಲ್ಲ.

ಪಶು ಆಹಾರ ಅಂದ್ರೆ ಏನೇನು?

ಹಸುವಿನ ಮಟ್ಟಿಗೆ ಮೂರು ಭಾಗ: ಹಸಿ ಮೇವು, ಒಣ ಮೇವು, ಹಿಂಡಿ-ಬೂಸಾ-ಫೀಡ್. ಕೋಳಿಯ ಮಟ್ಟಿಗೆ ಮೂರನೆಯದೊಂದೇ. ಬ್ರಾಯ್ಲರ್ ಫೀಡಿನಲ್ಲಿ ಹೆಚ್ಚುಕಡಿಮೆ 60 ಭಾಗ ಮೆಕ್ಕೆಜೋಳ, ಅದು ಶಕ್ತಿಗೆ. 25ರಿಂದ 30 ಭಾಗ ಸೋಯಾ ಹಿಂಡಿ, ಅದು ಪ್ರೋಟೀನಿಗೆ. ಉಳಿದದ್ದು ಎಣ್ಣೆ, ಖನಿಜ, ವಿಟಮಿನ್. ಹಾಲಿರಲಿ, ಮಾಂಸವಿರಲಿ, ಉತ್ಪಾದನಾ ವೆಚ್ಚದ ಸುಮಾರು ಮೂರರಲ್ಲಿ ಎರಡು ಪಾಲು ಆಹಾರದ್ದೇ.

ಉತ್ತರ ಕರ್ನಾಟಕದಲ್ಲಿ ಮೆಕ್ಕೆಜೋಳಕ್ಕೆ 'ಗೋವಿನ ಜೋಳ' ಅನ್ನೋ ಹೆಸರೇ ಇದೆ. ಆದರೆ ಈಗ ಅದಕ್ಕೆ ಗೋವಿನ ಜೊತೆ ಕಾರೂ ಪಾಲುದಾರ.

ಎಥೆನಾಲ್ ಎಲ್ಲಿಂದ ಬಂತು?

ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮೊದಲು ಇದ್ದದ್ದು 2030ಕ್ಕೆ. ಅದನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಲಾಯಿತು. 2023ರ ಡಿಸೆಂಬರ್‌ನಲ್ಲಿ, ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಭಯಕ್ಕೆ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಆ ಜಾಗಕ್ಕೆ ಬಂದದ್ದು ಮೆಕ್ಕೆಜೋಳ. ಕೆಲವೇ ವರ್ಷಗಳ ಹಿಂದೆ ಎಥೆನಾಲಿನಲ್ಲಿ ಅದರ ಪಾಲು ಇಲ್ಲವೆನ್ನುವಷ್ಟಿತ್ತು. ಈಗ ವರ್ಷಕ್ಕೆ ಒಂದು ಕೋಟಿ ಟನ್ ಆಸುಪಾಸು. ದೇಶದ ಒಟ್ಟು ಬೆಳೆ ಸುಮಾರು ನಾಲ್ಕು ಕೋಟಿ ಟನ್.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತೆ. ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 71.86 ರೂಪಾಯಿ. ಅಂದರೆ ಟನ್ನಿಗೆ 27 ಸಾವಿರ ಚಿಲ್ಲರೆ. ಡಿಸ್ಟಿಲರಿಗೆ ಬರುವ ದರ ಮೊದಲೇ ಗೊತ್ತು, ಕೊಳ್ಳುವವರು ಗೊತ್ತು.

ಕೋಳಿ ಸಾಕುವವನ ಲೆಕ್ಕ ಹೀಗಿರಲ್ಲ. ಎರಡು ಕೆಜಿ ತೂಗುವ ಕೋಳಿ ಬೆಳೆಯೋಕೆ ಮೂರು ಕಾಲು ಕೆಜಿ ಫೀಡ್ ಬೇಕು, ಅದರಲ್ಲಿ ಎರಡು ಕೆಜಿ ಮೆಕ್ಕೆಜೋಳ. ಕ್ವಿಂಟಲ್ ಬೆಲೆ 1,700ರಿಂದ 2,400ಕ್ಕೆ ಏರಿದರೆ ಒಂದು ಕೋಳಿಗೆ 14 ರೂಪಾಯಿ ಹೆಚ್ಚು ಖರ್ಚು. ಕೋಳಿಯ ದರ ಮಾತ್ರ ಆ ವಾರದ ಬೇಡಿಕೆ ಹೇಳಿದಷ್ಟು. ಅದೇ 2,400 ರೈತನಿಗೆ ಸಿಗಲೇಬೇಕಾದ ಬೆಲೆ ಅನ್ನೋದನ್ನೂ ಮರೆಯೋ ಹಾಗಿಲ್ಲ. ತಿಕ್ಕಾಟ ಇರೋದೇ ಇಲ್ಲಿ.

ಹಾಗಾದ್ರೆ 2025ರಲ್ಲಿ ಬೆಲೆ ಯಾಕೆ ಬಿತ್ತು? ಬೆಳೆ ಚೆನ್ನಾಗಿ ಬಂತು, ಅದೊಂದು. ಭಾರತೀಯ ಆಹಾರ ನಿಗಮದ ಗೋದಾಮಿನಲ್ಲಿ ಅಕ್ಕಿ ಜಾಸ್ತಿಯಾಗಿ, ಅದನ್ನು ಕೆಜಿಗೆ 22.50 ರೂಪಾಯಿಯಂತೆ ಎಥೆನಾಲಿಗೆ ಕೊಡಲಾಯಿತು, ಅದು ಇನ್ನೊಂದು. 'ಎಥೆನಾಲಿಗೆ ಬೇಕು, ಬೆಳೆಯಿರಿ' ಅಂತ ಕೇಳಿಸಿಕೊಂಡು ಬಿತ್ತಿದ ರೈತನ ಎದುರಿಗೆ ಸರ್ಕಾರದ್ದೇ ಅಕ್ಕಿ ಬಂದು ನಿಂತಿತು.

ಡಿಸ್ಟಿಲರಿಯ ಹಿಂಡಿ: ಲಾಭವೋ, ತಲೆನೋವೋ?

ಎಥೆನಾಲ್ ಪರ ಇರುವವರು ಹೇಳೋ ಒಂದು ಮಾತು ಸರಿಯಾಗಿದೆ. ಪಿಷ್ಟ ಮಾತ್ರ ಎಥೆನಾಲ್ ಆಗುತ್ತೆ. ಪ್ರೋಟೀನ್, ನಾರು, ಕೊಬ್ಬು ಹಿಂದೆ ಉಳಿಯುತ್ತೆ. ಟನ್ನಿಗೆ ಸುಮಾರು 300 ಕೆಜಿ. ಡಿಡಿಜಿಎಸ್ ಅನ್ನೋದು ಇದನ್ನೇ. ಪಶು ಆಹಾರಕ್ಕೆ ಚೆನ್ನಾಗಿ ಒಗ್ಗುತ್ತೆ, ಸೋಯಾ ಹಿಂಡಿಗಿಂತ ಅಗ್ಗ.

ಆದರೆ ಎರಡು ತೊಡಕು. ಮೊದಲನೆಯದು, ಇದು ಅಗ್ಗವಾದಷ್ಟೂ ಸೋಯಾ ಹಿಂಡಿಗೆ ಬೇಡಿಕೆ ಕುಸಿಯುತ್ತೆ. ಪೆಟ್ಟು ಬೀಳೋದು ಮಧ್ಯಪ್ರದೇಶ, ಮಹಾರಾಷ್ಟ್ರ, ನಮ್ಮ ಬೀದರ್ ಕಡೆಯ ಸೋಯಾ ಬೆಳೆಗಾರರಿಗೆ. ಇದೇ ದೇಶ 2021ರಲ್ಲಿ ಸೋಯಾ ಹಿಂಡಿ ಸಾಲದು ಅಂತ ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ಆಮದಿಗೆ ಅನುಮತಿ ಕೊಟ್ಟಿತ್ತು.

ಎರಡನೆಯದು ಅಫ್ಲಾಟಾಕ್ಸಿನ್. ಸರಿಯಾಗಿ ಒಣಗದ ಕಾಳಿನಲ್ಲಿ ಬೆಳೆಯುವ ಬೂಷ್ಟಿನ ವಿಷ ಇದು. ಹುದುಗಿಸಿದರೂ ಕುದಿಸಿದರೂ ಹೋಗಲ್ಲ. ಕಾಳು ಮೂರನೇ ಒಂದು ಭಾಗಕ್ಕೆ ಇಳಿದಾಗ ವಿಷದ ಸಾಂದ್ರತೆ ಸುಮಾರು ಮೂರು ಪಟ್ಟಾಗುತ್ತೆ. ಅದನ್ನು ತಿಂದ ಹಸುವಿನ ಹಾಲಿನಲ್ಲಿ ಅದರ ಒಂದು ಅಂಶ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತೆ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ 368ರಲ್ಲಿ ಈ ವಿಷ ಮಿತಿ ಮೀರಿತ್ತು. ಮೂಲ ಪಶು ಆಹಾರ ಅಂತ ಆಗಲೇ ಗುರುತಿಸಲಾಗಿತ್ತು.

ಹಿಂಡಿಗಿಂತ ಮೊದಲು ಹುಲ್ಲು

ಚರ್ಚೆ ಪೂರ್ತಿ ಮೆಕ್ಕೆಜೋಳದ ಸುತ್ತ ಸುತ್ತುತ್ತೆ. ಹಸುವಿನ ಹೊಟ್ಟೆ ತುಂಬೋದು ಮಾತ್ರ ಹುಲ್ಲಿನಿಂದ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ದೇಶದಲ್ಲಿ ಹಸಿ ಮೇವಿನ ಕೊರತೆ ಶೇ 11.24, ಒಣ ಮೇವಿನದು ಶೇ 23.4, ಹಿಂಡಿ-ಫೀಡಿನದು ಶೇ 28.9. ಮೇವನ್ನೇ ಬೆಳೆಯಾಗಿ ಬೆಳೆಯುವ ಜಮೀನು ಒಟ್ಟು ಸಾಗುವಳಿಯ ಶೇ 4ರಷ್ಟು.

ಹಳೇ ಮೈಸೂರಿನ ರಾಗಿ ಹುಲ್ಲು, ಬಯಲುಸೀಮೆಯ ಜೋಳದ ಕಣಿಕೆ, ಇವೇ ನಮ್ಮ ನಿಜವಾದ ಮೇವಿನ ಬ್ಯಾಂಕು. ಜೋಳದ ಜಾಗಕ್ಕೆ ಬೇರೆ ಬೆಳೆ ಬಂದಾಗ, ಭತ್ತದ ಗದ್ದೆಗೆ ಕೊಯ್ಲು ಯಂತ್ರ ಇಳಿದು ಹುಲ್ಲು ಹೊಲದಲ್ಲೇ ಉಳಿದಾಗ, ಆ ಬ್ಯಾಂಕಿನ ಠೇವಣಿ ಕರಗುತ್ತೆ. ಹುಲ್ಲು ಸಿಗದ ರೈತ ಫೀಡ್ ಮೂಟೆಗೆ ಕೈ ಹಾಕ್ತಾನೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ 4 ರೂಪಾಯಿ ಏರಿತು, ಪೂರ್ತಿ ರೈತರಿಗೇ ಅಂತ ಸರ್ಕಾರ ಹೇಳಿತು. ಫೀಡ್ ಬೆಲೆ ತಡೆಯದಿದ್ದರೆ ಅಂಥ ಏರಿಕೆ ಕೊಟ್ಟಿಗೆಯಲ್ಲಿ ಬಹಳ ದಿನ ನಿಲ್ಲಲ್ಲ.

ಯೋಜನೆ ಅಂದ್ರೆ ಏನಿರಬೇಕು?

ಒಂದೇ ಲೆಕ್ಕಪುಸ್ತಕ. ಕೃಷಿ, ಪಶುಸಂಗೋಪನೆ, ಆಹಾರ, ಪೆಟ್ರೋಲಿಯಂ: ನಾಲ್ಕು ಇಲಾಖೆಗಳು ಒಂದೇ ಕಾಳಿನ ಬಗ್ಗೆ ಬೇರೆ ಬೇರೆ ನಿರ್ಧಾರ ತಗೊಳ್ತಿವೆ. ಬಿತ್ತನೆಗೆ ಮೊದಲೇ ಕೋಳಿಗೆಷ್ಟು, ಹಸುವಿಗೆಷ್ಟು, ಪಿಷ್ಟದ ಕಾರ್ಖಾನೆಗೆಷ್ಟು, ಎಥೆನಾಲಿಗೆಷ್ಟು ಅನ್ನೋ ಅಂದಾಜು ಪ್ರಕಟವಾಗಬೇಕು. ಬೆಳೆ ಕೈಕೊಟ್ಟ ವರ್ಷ ಎಥೆನಾಲ್ ಪಾಲು ತಾನಾಗಿ ಇಳಿಯುವ ನಿಯಮ ಇರಬೇಕು. ಕಾರು ಕಡಿಮೆ ಎಥೆನಾಲ್‌ನಲ್ಲೂ ಓಡುತ್ತೆ, ಕೋಳಿಗೆ ಆ ಆಯ್ಕೆ ಇಲ್ಲ.

ಇಳುವರಿ. ನಮ್ಮಲ್ಲಿ ಹೆಕ್ಟೇರಿಗೆ ಮೂರೂವರೆ ಟನ್ ಆಸುಪಾಸು, ಜಗತ್ತಿನ ಸರಾಸರಿ ಆರರ ಹತ್ತಿರ. ಈ ಅಂತರ ತುಂಬಿದರೆ ಅರ್ಧ ಜಗಳ ಮುಗಿಯುತ್ತೆ. ಇದಕ್ಕೆ ಒಳ್ಳೆ ಬೀಜದ ಜೊತೆ ಕೀಟದ ಮೇಲೆ ಕಣ್ಣೂ ಬೇಕು. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ.

ಒಣಗಿಸುವ ವ್ಯವಸ್ಥೆ. ಮುಂಗಾರಿನ ಮೆಕ್ಕೆಜೋಳ ಕೊಯ್ಲಿಗೆ ಬಂದಾಗ ತೇವಾಂಶ ಶೇ 20 ದಾಟಿರುತ್ತೆ, ದಾಸ್ತಾನಿಗೆ ಶೇ 14ಕ್ಕೆ ಇಳಿಯಬೇಕು. ರಸ್ತೆ ಮೇಲೆ ಹರಡಿ ಮೋಡ ನೋಡ್ತಾ ಕೂರೋದು ಈಗಿನ ತಂತ್ರಜ್ಞಾನ! ಎಪಿಎಂಸಿಗಳಲ್ಲಿ ಡ್ರೈಯರ್ ಹಾಕಿದರೆ ರೈತನ ಬೆಲೆ, ಕೋಳಿಯ ಆರೋಗ್ಯ, ಹಾಲಿನ ಸುರಕ್ಷತೆ ಮೂರೂ ಸುಧಾರಿಸುತ್ತೆ. ಇಡೀ ಪಟ್ಟಿಯಲ್ಲಿ ಅತಿ ಬೇಗ ಫಲ ಕೊಡೋದು ಇದೇ.

ಗುಣಮಟ್ಟದ ಚೀಟಿ. ಡಿಡಿಜಿಎಸ್ ಇರಲಿ, ಫೀಡ್ ಇರಲಿ, ಪ್ರತಿ ಲಾಟಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಕಡ್ಡಾಯವಾಗಬೇಕು, ಫಲಿತಾಂಶ ಮೂಟೆಯ ಮೇಲೇ ಇರಬೇಕು.

ಮೇವು. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರಗಳಲ್ಲಿ ಕೆಎಂಎಫ್‌ನ ಪಶು ಆಹಾರ ಘಟಕಗಳಿವೆ, ಹಳ್ಳಿ ಹಳ್ಳಿಯಲ್ಲಿ ಹಾಲಿನ ಸಂಘಗಳಿವೆ. ಫೀಡ್ ಮಾರುವ ಇದೇ ಜಾಲ ರಸಮೇವನ್ನೂ ಮಾಡಿ ಮಾರಬಹುದು, ಸುಗ್ಗಿಯಲ್ಲಿ ಹುಲ್ಲು ಕೊಂಡು ಬೇಸಿಗೆಗೆ ಕೂಡಿಡಬಹುದು.

ಕಪ್ಪು ಸೈನಿಕ ನೊಣದ ಮರಿಹುಳು, ಪಾಚಿ, ಅಜೋಲಾ ಇವೆಲ್ಲ ಬರಲಿ. ಆದರೆ ಅವು ಪ್ರೋಟೀನಿನ ಒಂದು ಪಾಲನ್ನು ತುಂಬಬಹುದು, ಕೋಟಿಗಟ್ಟಲೆ ಟನ್ ಕಾಳಿನ ಜಾಗವನ್ನಲ್ಲ.

ಮುಂದಿನ ಸಲ ಎಥೆನಾಲ್ ಗುರಿ ಶೇ 20ರಿಂದ ಮೇಲಕ್ಕೆ ಅನ್ನೋ ಸುದ್ದಿ ಬಂದಾಗ ಒಂದೇ ಪ್ರಶ್ನೆ ಕೇಳಿ: ಹೆಚ್ಚುವರಿ ಕಾಳು ಎಷ್ಟು ಹೆಕ್ಟೇರಿನಲ್ಲಿ, ಎಷ್ಟು ಇಳುವರಿಯಲ್ಲಿ ಬರುತ್ತೆ? ಉತ್ತರ ಇಲ್ಲ ಅಂದ್ರೆ, ಆ ಗುರಿಯ ಬಿಲ್ಲು ಮೊದಲು ಹೋಗೋದು ಕೊಟ್ಟಿಗೆಗೆ, ಆಮೇಲೆ ನಮ್ಮ ತಟ್ಟೆಗೆ.