ಉಪಗ್ರಹವೂ ಉಪಾಧ್ಯಾಯನೂ

ಕ್ರಿ. ಶ. 1975ನೆಯ ಆಗಸ್ಟ್ 1ರಿಂದ ಒಂದು ವರ್ಷಕಾಲ ಭಾರತದಲ್ಲಿ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಗಣನೀಯವಾದುದು. ಅಮೆರಿಕದವರಿಂದ ಎರವಲಾಗಿ ದೊರೆತ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಪಾಠಗಳು ಪ್ರಸಾರವಾದುವು. ಕರ್ಣಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು.

ಈ ಪ್ರಯೋಗವನ್ನು ಸ್ಮರಿಸುವವರು ಪ್ರಾಯಶಃ ಯಂತ್ರದ ಅದ್ಭುತವನ್ನೇ ಕೊಂಡಾಡುವರು. ಅದರ ಅಂಗವಾಗಿದ್ದ ಉಪಾಧ್ಯಾಯ ಶಿಕ್ಷಣವನ್ನು ಲಕ್ಷಿಸುವವರು ವಿರಳ. 12 ದಿನಗಳ ಅವಧಿಯಂತೆ ಎರಡಾವರ್ತಿ, ಒಟ್ಟು ಸುಮಾರು 48,000 ಮಂದಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ವಿಜ್ಞಾನಬೋಧನೆಯ ಕ್ರಮವನ್ನು ಅಭ್ಯಸಿಸಿದರು. ದೂರದರ್ಶನದ ಪಾಠದೊಡನೆ ರೇಡಿಯೋ ಪಾಠ, ಮುದ್ರಿತ ಪುಸ್ತಿಕೆ, ಕೈಯಾರೆ ಮಾಡತಕ್ಕ ಪ್ರಯೋಗ, ಪರಸ್ಪರ ಚರ್ಚೆ ಇವೂ ಜೊತೆಗೂಡಿದ್ದುವು.

ಕೊಡಲಿಯು ಕರಣ, ಕಡಿಯುವವನು ಕರ್ತೃ ಎಂಬುದು ವೈಯಾಕರಣರ ವಿವೇಕ. ದೂರದರ್ಶನವು ಕರಣವಾದರೆ ಉಪಾಧ್ಯಾಯನು ಕರ್ತೃ. ಕರ್ತೃವು ಅಣಿಯಾಗದೆ ಕರಣಮಾತ್ರದಿಂದ ಕ್ರಿಯೆಯು ಸಿದ್ಧಿಸದೆಂಬುದನ್ನು ಈ ಏರ್ಪಾಡನ್ನು ಮಾಡಿದವರು ಅರಿತಿದ್ದರು.

1976ನೆಯ ಜುಲೈ 31ರಂದು ಪ್ರಯೋಗವು ಮುಗಿಯಿತು. ಉಪಗ್ರಹವು ಅಮೆರಿಕದವರ ಉಪಯೋಗಕ್ಕೆ ಹಿಂದಿರುಗಿತು. ಕಲಿತ ಉಪಾಧ್ಯಾಯರಾದರೋ ಈ ದೇಶದಲ್ಲಿಯೇ ಉಳಿದರು. ಇಂದು ಶಾಲೆಗಳಿಗೆ ಕಂಪ್ಯೂಟರ್ ಮೊದಲಾದುವನ್ನು ತರಿಸುವವರು ಅಂತಹ 12 ದಿನಗಳ ವೆಚ್ಚವನ್ನೂ ತಮ್ಮ ಆಯವ್ಯಯದಲ್ಲಿ ಸೇರಿಸಿಕೊಳ್ಳುವುದು ಯುಕ್ತ.