ವೆನಿಸ್ಸಿನ ಡುಕಾಟ್: ಟಂಕಸಾಲೆಯಿಂದ ಕೊರಳ ಸರದವರೆಗೆ

ಮಧ್ಯಯುಗದ ಯೂರೋಪಿನ ನಗರಗಳು ಹೊರಡಿಸಿದ ನಾಣ್ಯಗಳಲ್ಲಿ ವೆನಿಸ್ ನಗರದ ಚಿನ್ನದ ಡುಕಾಟ್‌ನಷ್ಟು ದೀರ್ಘಕಾಲ, ಅಷ್ಟು ವಿಶಾಲವಾದ ಪ್ರದೇಶದಲ್ಲಿ ಮನ್ನಣೆ ಪಡೆದವು ವಿರಳ. ಈ ನಾಣ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ವಾಣಿಜ್ಯದ ಇತಿಹಾಸವಾಗಿ ಓದಲಾಗಿದೆ. ಅದು ಜನಸಮುದಾಯಗಳ ನಂಬಿಕೆ ಹಾಗೂ ಅಲಂಕಾರಗಳ ಇತಿಹಾಸವೂ ಹೌದು ಎಂಬುದನ್ನು ಗಮನಿಸಬೇಕಾಗಿದೆ.

ವೆನಿಸ್ಸಿನ ಆಡಳಿತಾಧಿಪತಿಯಾದ ಡೋಜ್ ಎನ್ರಿಕೊ ದಾಂದೊಲೊನ ಕಾಲದಲ್ಲಿ, ಅಂದರೆ 12ನೆಯ ಶತಮಾನದ ಕೊನೆಯ ಭಾಗದಲ್ಲಿ, 'ಗ್ರೊಸ್ಸೊ' ಎಂಬ ಉತ್ತಮ ಮಟ್ಟದ ಬೆಳ್ಳಿನಾಣ್ಯ ಬಳಕೆಗೆ ಬಂದಿತು. 1252ರಲ್ಲಿ ಫ್ಲಾರೆನ್ಸ್ ನಗರವು ಚಿನ್ನದ ಫ್ಲೋರಿನ್ನನ್ನು ಹೊರಡಿಸಿದ ಮೇಲೆ, 1284ರಲ್ಲಿ ಡೋಜ್ ಜಿಯೊವಾನ್ನಿ ದಾಂದೊಲೊನ ಆಳ್ವಿಕೆಯಲ್ಲಿ ವೆನಿಸ್ ಕೂಡ ಚಿನ್ನದ ಡುಕಾಟ್ ಟಂಕಿಸಲು ನಿರ್ಧರಿಸಿತು. ಸುಮಾರು 3.5 ಗ್ರಾಂ ತೂಕದ ಈ ನಾಣ್ಯ ಬಹುತೇಕ ಅಪರಂಜಿ ಚಿನ್ನದ್ದು. ಮುಮ್ಮುಖದಲ್ಲಿ ನಗರದ ರಕ್ಷಕ ಸಂತ ಮಾರ್ಕನು ಮಂಡಿಯೂರಿದ ಡೋಜ್‌ನಿಗೆ ಧ್ವಜದಂಡವನ್ನು ನೀಡುತ್ತಿರುವ ಚಿತ್ರವಿದೆ. ಹಿಮ್ಮುಖದಲ್ಲಿ ಬಾದಾಮಿಯಾಕಾರದ ಪ್ರಭಾವಲಯದೊಳಗೆ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತನಿದ್ದಾನೆ. 1797ರಲ್ಲಿ ನೆಪೋಲಿಯನ್ನನ ಸೇನೆಯೆದುರು ಗಣರಾಜ್ಯವು ಕೊನೆಗೊಳ್ಳುವವರೆಗೆ, ಐದು ಶತಮಾನಗಳ ಕಾಲ, ಈ ವಿನ್ಯಾಸವಾಗಲಿ ಚಿನ್ನದ ಮಟ್ಟವಾಗಲಿ ಗಣನೀಯವಾಗಿ ಬದಲಾಗಲಿಲ್ಲ. ಬದಲಾಗುತ್ತಿದ್ದುದು ಮುಖ್ಯವಾಗಿ ಡೋಜ್‌ನ ಹೆಸರು. ನಾಣ್ಯದ ಮೇಲೆ ಇಸವಿ ಇಲ್ಲದಿರುವುದರಿಂದ ಕಾಲನಿರ್ಣಯಕ್ಕೆ ಈ ಹೆಸರೇ ಆಧಾರ.

16ನೆಯ ಶತಮಾನದಲ್ಲಿ ಈ ನಾಣ್ಯಕ್ಕೆ 'ಜೆಕ್ಕಿನೊ' ಎಂಬ ಹೆಸರು ರೂಢಿಯಾಯಿತು. ಟಂಕಸಾಲೆ ಎಂಬರ್ಥದ ವೆನಿಸ್ಸಿನ 'ಜೆಕ್ಕಾ' ಶಬ್ದದಿಂದ ಈ ಹೆಸರು ಬಂದಿದೆ. ಆ ಶಬ್ದದ ಮೂಲ ನಾಣ್ಯದ ಅಚ್ಚನ್ನು ಸೂಚಿಸುವ ಅರಬ್ಬಿಯ 'ಸಿಕ್ಕಾ'. ಭಾರತೀಯ ಭಾಷೆಗಳಿಗೆ ಬಂದಿರುವ 'ಸಿಕ್ಕಾ' ಕೂಡ ಅದೇ ಮೂಲದ್ದು. ಶಬ್ದದಂತೆ ನಾಣ್ಯವೂ ಕಡಲು ದಾಟಿತು. ಪೂರ್ವದ ಮೆಣಸು ಮೊದಲಾದ ಸಂಬಾರ ಪದಾರ್ಥಗಳಿಗಾಗಿ ವೆನಿಸ್ಸಿನ ವರ್ತಕರು ಅಲೆಕ್ಸಾಂಡ್ರಿಯಾದಂತಹ ಬಂದರುಗಳಲ್ಲಿ ಚಿನ್ನವನ್ನು ಸುರಿಯುತ್ತಿದ್ದರು. 1425ರಲ್ಲಿ ಈಜಿಪ್ಟಿನ ಸುಲ್ತಾನ ಬರ್ಸ್‌ಬಾಯ್ ಹೊರಡಿಸಿದ 'ಅಶ್ರಫಿ'ಯು ಡುಕಾಟ್‌ನ ತೂಕವನ್ನೇ ಅನುಸರಿಸಿತು. ಅದೇ ಶತಮಾನದಲ್ಲಿ ವಿಜಯನಗರವನ್ನು ಕಂಡ ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿಯು, ಭಾರತದ ಕೆಲವು ಭಾಗಗಳಲ್ಲಿ ವೆನಿಸ್ಸಿನ ಡುಕಾಟ್ ಚಲಾವಣೆಯಲ್ಲಿತ್ತೆಂದು ಹೇಳಿದ್ದಾನೆ. ಅವನ ವೃತ್ತಾಂತವನ್ನು ಬರೆದಿಟ್ಟವನು ಪೊಜ್ಜೊ ಬ್ರಾಚ್ಚೊಲಿನಿ. ವರಾಹದ ತೂಕ ಸುಮಾರು 3.4 ಗ್ರಾಂ ಆಗಿದ್ದುದರಿಂದ ಇಲ್ಲಿನ ಶರಾಫರ ತಕ್ಕಡಿಗೆ ಡುಕಾಟ್ ತೀರ ಅಪರಿಚಿತವಾದ ತೂಕವಾಗಿರಲಿಲ್ಲ.

ದಕ್ಷಿಣ ಭಾರತದಲ್ಲಿ ಈ ನಾಣ್ಯವು ಕ್ರಮೇಣ ಒಡವೆಯ ರೂಪವನ್ನೂ ತಾಳಿತು. ಮನುಷ್ಯರೂಪಗಳಿದ್ದ ಕಾರಣ ಇದಕ್ಕೆ 'ಪುತಳಿ' ಎಂಬ ಹೆಸರು ಬಂದಿತು. ಇಂತಹ ನಾಣ್ಯಗಳನ್ನು ಪೋಣಿಸಿದ ಪುತಳಿ ಸರ ಮರಾಠಿ ಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಕನ್ನಡ ಪ್ರದೇಶದಲ್ಲಿಯೂ ಪ್ರಸಿದ್ಧ. ಕೇರಳದಲ್ಲಿ ಇದು 'ಆಮಾಡ' ಎನಿಸಿತು. ದಕ್ಷಿಣದ ತುದಿಯಲ್ಲಿ ಇದನ್ನು 'ಶಾಣಾರ್ ಕಾಸು' ಎಂದೂ ಕರೆದರು: ಸಂತನೂ ಡೋಜ್‌ನೂ ಹಿಡಿದ ಧ್ವಜದಂಡವು ಅಲ್ಲಿನ ಜನರ ಕಣ್ಣಿಗೆ ತಾಳೆಮರವಾಗಿ, ಪಕ್ಕದ ಆಕೃತಿ ಮರವೇರುವವನಾಗಿ ಕಂಡಿತು. ಲ್ಯಾಟಿನ್ ಲಿಪಿ ತಿಳಿಯದ ಸಮುದಾಯವು ಅನ್ಯ ಚಿತ್ರವನ್ನು ತನ್ನ ಬದುಕಿನ ಚಿತ್ರವಾಗಿ ಓದಿಕೊಂಡ ಅಪೂರ್ವ ನಿದರ್ಶನವಿದು. ಬೇಡಿಕೆ ಹೆಚ್ಚಿದಂತೆ ಸ್ಥಳೀಯ ಅಕ್ಕಸಾಲಿಗರು ಇದೇ ಮಾದರಿಯ ಬಿಲ್ಲೆಗಳನ್ನು ತಯಾರಿಸಿದರು. ಅವುಗಳಲ್ಲಿ ಅಕ್ಷರಗಳು ಬರಿಯ ಗೆರೆಗಳಾಗಿ, ಆಕೃತಿಗಳು ಗೊಂಬೆಗಳಾಗಿ ಮಾರ್ಪಟ್ಟಿವೆ.

ಇತ್ತ ಯೂರೋಪಿನಲ್ಲಿ ಸಂಗ್ರಹಕಾರ್ಯವು ಶಾಸ್ತ್ರವಾಗಿ ಬೆಳೆಯಿತು. 1830ರಲ್ಲಿ ತೀರಿಕೊಂಡ ತೆಯೊದೊರೊ ಕೊರ್ರೆರ್ ತನ್ನ ಸಂಗ್ರಹವನ್ನು ವೆನಿಸ್ ನಗರಕ್ಕೆ ಬಿಟ್ಟುಹೋದನು. ಅದು ಕೊರ್ರೆರ್ ವಸ್ತುಸಂಗ್ರಹಾಲಯಕ್ಕೆ ತಳಹದಿಯಾಯಿತು. ನಿಕೊಲೊ ಪಾಪಾದೊಪೊಲಿ 1893ರಿಂದ ವೆನಿಸ್ಸಿನ ನಾಣ್ಯಗಳ ಬೃಹತ್ ಗ್ರಂಥವನ್ನು ಪ್ರಕಟಿಸತೊಡಗಿದನು. ಇಟಲಿಯ ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್‌ನ ಆಸಕ್ತಿಯಿಂದ 1910ರಿಂದ 1943ರವರೆಗೆ ಹೊರಬಂದ ಇಟಲಿಯ ನಾಣ್ಯಗಳ 20 ಸಂಪುಟಗಳು ಇಂದಿಗೂ ಆಕರಗಳಾಗಿವೆ.

ಆದರೆ ಸಂಗ್ರಾಹಕರ ಮಾನದಂಡಕ್ಕೆ ಒಂದು ಮಿತಿಯುಂಟು. ತೂತು ಕೊರೆದ, ಕೊಂಡಿ ಬೆಸೆದ, ಸವೆದ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ; ಅನುಕರಣೆಯ ಬಿಲ್ಲೆಯನ್ನು ಖೋಟಾ ಎಂದು ಬದಿಗಿಡಲಾಗುತ್ತದೆ. ಪರಿಣಾಮವಾಗಿ ಇಂತಹವು ಸುಲಭವಾಗಿ ಕುಲುಮೆಯ ಪಾಲಾಗುತ್ತವೆ. ಚಿನ್ನ ಕರಗಿದರೆ ಚಿನ್ನವೇನೋ ಉಳಿದೀತು, ಸಾಕ್ಷ್ಯ ಉಳಿಯದು. ಜಾನಪದ ಅಧ್ಯಯನದ ದೃಷ್ಟಿಯಿಂದ ಆ ತೂತು ದೋಷವಲ್ಲ, ನಾಣ್ಯವು ಪೇಟೆಯಿಂದ ಮನೆಯೊಳಗೆ ಕಾಲಿಟ್ಟುದರ ದಾಖಲೆ. ಆದುದರಿಂದ ಕುಟುಂಬಗಳಲ್ಲಿ ಉಳಿದಿರುವ ಪುತಳಿ ಸರಗಳನ್ನು ಒಡೆಯದೆ, ಬಿಲ್ಲೆಗಳ ಕ್ರಮ, ತೂಕ, ಎರಡೂ ಮುಖಗಳ ಚಿತ್ರ ಹಾಗೂ ಮನೆಯವರು ಹೇಳುವ ಹೆಸರು, ಕಥೆಗಳೊಡನೆ ದಾಖಲಿಸುವುದು ಅಗತ್ಯ. ವೆನಿಸ್ಸಿನ ಟಂಕಸಾಲೆಯ ಕಡತಗಳು ಹೇಳಲಾರದ ಚರಿತ್ರೆಯ ಉತ್ತರಾರ್ಧವನ್ನು ಈ ಸರಗಳು ಕಾಪಾಡಿಕೊಂಡು ಬಂದಿವೆ.